ಗರ್ಭಿಣಿಯ ರಕ್ತ ಹೀರುವವರು ಯಾರು?

ಗರ್ಭಿಣಿಗೆ ರಕ್ತ ಕಡಿಮೆಯಿದೆಯೆಂದು ವೈದ್ಯರು ಹೇಳಿದೊಡನೆ ನಮ್ಮ ಮನೆಗಳಿಗೆ ದಾಳಿಂಬೆ, ಖರ್ಜೂರ, ಬೀಟ್‌ರೂಟ್ ಬಂದು ಬೀಳುತ್ತವೆ. ಒಳ್ಳೆಯದೇ. ಆದರೆ ಇದ್ದ ರಕ್ತ ಎಲ್ಲಿಗೆ ಹೋಯಿತೆಂದು ಕೇಳುವವರೆಷ್ಟು ಮಂದಿ? "ಅವಳು ಸರಿಯಾಗಿ ತಿನ್ನುವುದಿಲ್ಲ" ಎಂದು ಸೊಸೆಯ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುತ್ತೇವೆ.

ಕೊಕ್ಕೆಹುಳು ಬಾಯಿಯ ಮೂಲಕವೇ ಬರಬೇಕೆಂದಿಲ್ಲ. ಮಲದಿಂದ ಕಲುಷಿತವಾದ ತೇವದ ಮಣ್ಣಿನಲ್ಲಿ ಬೆಳೆದ ಅದರ ಮರಿಗಳು ಬರಿಗಾಲಿನ ಚರ್ಮವನ್ನು ಕೊರೆದು ರಕ್ತನಾಳವನ್ನು ಸೇರುತ್ತವೆ. ಶ್ವಾಸಕೋಶದಿಂದ ಗಂಟಲಿಗೇರಿ, ಉಗುಳಿನೊಂದಿಗೆ ನುಂಗಲ್ಪಟ್ಟು ಸಣ್ಣ ಕರುಳಿನಲ್ಲಿ ನೆಲೆಯೂರುತ್ತವೆ. ಕರುಳಿನ ಗೋಡೆಯನ್ನು ಕಚ್ಚಿ ವರ್ಷಗಟ್ಟಲೆ ರಕ್ತ ಹೀರುತ್ತವೆ. (ಸಿಹಿ ತಿಂದರೆ ಹುಳುವಾಗುತ್ತದೆ ಎಂಬುದು ಅಜ್ಜಿಯಂದಿರ ಮಾತು, ಅಷ್ಟೇ.) ಹೊಟ್ಟೆಯಲ್ಲೊಂದು ಜೀವ ಬೆಳೆಯುತ್ತಿರುವಾಗ ಈ ಸೋರಿಕೆಯ ಬೆಲೆಯನ್ನು ತಾಯಿಯೂ ಮಗುವೂ ತೆರಬೇಕಾಗುತ್ತದೆ. ತೀವ್ರ ರಕ್ತಹೀನತೆಯಿಂದ ಅವಧಿಗೆ ಮೊದಲೇ ಹೆರಿಗೆಯಾಗುವ, ಮಗುವಿನ ತೂಕ ಕುಸಿಯುವ, ಹೆರಿಗೆಯ ರಕ್ತಸ್ರಾವವನ್ನು ತಾಯಿ ತಾಳದೆಹೋಗುವ ಅಪಾಯವಿದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿ ರಕ್ತಹೀನರು. ಎಲ್ಲದಕ್ಕೂ ಹುಳುವೇ ಕಾರಣವಲ್ಲ, ನಿಜ. ಆದರೆ ಇದು ಅತಿ ಕಡಿಮೆ ಖರ್ಚಿನಲ್ಲಿ ನೀಗುವ ಕಾರಣ. 2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮವು ಗರ್ಭಿಣಿಗೆ ಕಬ್ಬಿಣಾಂಶದ ಮಾತ್ರೆಗಳ ಜೊತೆಗೆ, ಎರಡನೇ ತ್ರೈಮಾಸಿಕದಲ್ಲಿ 400 ಮಿಲಿಗ್ರಾಂನ ಒಂದು ಆಲ್ಬೆಂಡಝೋಲ್ ಮಾತ್ರೆ ನೀಡಬೇಕೆಂದು ಹೇಳುತ್ತದೆ. ಆ ಒಂದು ಮಾತ್ರೆಯೇ ಎಷ್ಟೋ ಮನೆಗಳಲ್ಲಿ ಕಸದ ಬುಟ್ಟಿ ಸೇರುತ್ತದೆ. "ಬಸುರಿಗೆ ಹುಳದ ಮದ್ದೇ? ಮಗುವಿಗೆ ಏನಾದರೂ ಆದರೆ?" ಮೊದಲ ಮೂರು ತಿಂಗಳಲ್ಲಿ ಅದನ್ನು ಕೊಡಬಾರದೆಂಬುದು ಸರಿ. ಆ ಎಚ್ಚರಿಕೆಯನ್ನು ಒಂಬತ್ತು ತಿಂಗಳಿಗೂ ಎಳೆದವರು ಯಾರು? ವಿಶ್ವ ಆರೋಗ್ಯ ಸಂಸ್ಥೆಯೂ ಹುಳುಬಾಧೆ ಮತ್ತು ರಕ್ತಹೀನತೆ ವ್ಯಾಪಕವಾಗಿರುವ ಪ್ರದೇಶಗಳಲ್ಲಿ ಮೊದಲ ತ್ರೈಮಾಸಿಕದ ಬಳಿಕ ಇದನ್ನು ಶಿಫಾರಸು ಮಾಡಿದೆ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಂದ ನೋವಿನ ಗುಳಿಗೆಯನ್ನು ಅದೇ ಗರ್ಭಿಣಿಗೆ ನುಂಗಿಸುವಾಗ ಈ ಭಯ ಎಲ್ಲಿ ಅಡಗಿರುತ್ತದೆ?

ಮಾತ್ರೆ ನುಂಗಿದರೂ ಅದೇ ಕೊಳಕು ಮಣ್ಣಿನಲ್ಲಿ ಬರಿಗಾಲಿನಲ್ಲಿ ನಡೆದರೆ ಹುಳು ಮರಳಿ ಬರುತ್ತದೆ. ಒಡೆದ ಶೌಚಗುಂಡಿ, ಮಳೆಗೆ ಉಕ್ಕುವ ಚರಂಡಿ ಯಾರ ಹೊಣೆ? ಮತ ಕೇಳಲು ಓಣಿ ಓಣಿ ಸುತ್ತುವ ನಗರಸಭಾ ಸದಸ್ಯರಿಗೆ ಈ ಪ್ರಶ್ನೆಯನ್ನು ಮೊಹಲ್ಲಾದ ಹಿರಿಯರು ಲಿಖಿತವಾಗಿಯೇ ಕೇಳಲಿ. ಅದಕ್ಕೆ ಉತ್ತರ ಬರುವವರೆಗೆ ಹಿತ್ತಲಿಗೆ ಹೋಗುವ ಸೊಸೆಗೆ ಒಂದು ಜೊತೆ ಚಪ್ಪಲಿ ತಂದುಕೊಡಲು, ನಾಲ್ಕನೇ ತಿಂಗಳ ತಪಾಸಣೆಗೆ ಅವಳೊಂದಿಗೆ ಹೋಗಿ "ಹುಳುವಿನ ಮಾತ್ರೆ ಕೊಟ್ಟಿದ್ದೀರಾ?" ಎಂದು ಕೇಳಲು ಗಂಡನಿಗೆ ಯಾರ ಅಪ್ಪಣೆ ಬೇಕು?