ಅಮೃತಮತಿಯನ್ನು ಬರಗೂರರ ಸೀಮೆಗೆ ತೋರಿಸಿ

ಸಾಹಿತ್ಯ ಕೃತಿಯೊಂದು ಸಿನಿಮಾ ಆದಾಗಲೆಲ್ಲ ‘ಮೂಲಕ್ಕೆ ನಿಷ್ಠವಾಗಿದೆಯೇ’ ಎಂಬ ಪ್ರಶ್ನೆ ಏಳುತ್ತದೆ. ಅದು ಕೇಳಬೇಕಾದ ಮೊದಲ ಪ್ರಶ್ನೆಯೇ ಅಲ್ಲ. ಶಿರಾ ತಾಲ್ಲೂಕಿನ ಬರಗೂರಿನವರಾದ ಬರಗೂರು ರಾಮಚಂದ್ರಪ್ಪ ನಿರ್ದೇಶಿಸಿದ ‘ಅಮೃತಮತಿ’ಯನ್ನು ಮುಂದಿಟ್ಟುಕೊಂಡು ಈ ಮಾತನ್ನು ಧೈರ್ಯವಾಗಿ ಹೇಳಬಹುದು.

ಮೂಲ ಜನ್ನನದು. ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ ಮುನ್ನೂರು ಚಿಲ್ಲರೆ ಪದ್ಯಗಳ ಪುಟ್ಟ ಜೈನ ಕಾವ್ಯ. ಆನೆಲಾಯದ ಕಡೆಯಿಂದ ರಾತ್ರಿ ತೇಲಿಬಂದ ಹಾಡಿಗೆ ರಾಣಿ ಅಮೃತಮತಿ ಮನಸೋಲುತ್ತಾಳೆ. ಹಾಡಿದವನನ್ನು ನೋಡಿಬಂದ ಕೆಳದಿ, ಮಾವುತ ಅಷ್ಟಾವಂಕ ಎಂಥ ಕುರೂಪಿ ಎಂದು ಬಣ್ಣಿಸಿದರೂ ಆ ಮನಸ್ಸು ಕದಲುವುದಿಲ್ಲ. ತಡವಾಗಿ ಬಂದಳೆಂದು ಅವನು ಅವಳನ್ನು ಹೊಡೆಯುವುದನ್ನು ಮರೆಯಲ್ಲಿ ನಿಂತು ಕಂಡ ರಾಜ ಯಶೋಧರ ಕತ್ತಿಗೆ ಕೈಹಾಕಿ, ತಡೆದುಕೊಳ್ಳುತ್ತಾನೆ. ಮುಂದೆ ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಹೆಂಡತಿ ಇಕ್ಕಿದ ವಿಷಕ್ಕೆ ತಾಯಿಯೊಂದಿಗೆ ಸಾಯುತ್ತಾನೆ. ತಾಯಿ ಮಗ ಪ್ರಾಣಿಜನ್ಮಗಳಲ್ಲಿ ತೊಳಲಿ ಕೊನೆಗೆ ಸದ್ಗತಿಯ ದಾರಿ ಹಿಡಿದರೆ, ಅಮೃತಮತಿಯ ಪಾಲಿಗೆ ನರಕ.

ಈ ತೀರ್ಪನ್ನೇ ಬರಗೂರರು ಮರುಪರಿಶೀಲನೆಗೆ ಎತ್ತಿಕೊಂಡರು. ಯಶೋಧರನ ಹೆಸರಿನ ಕಾವ್ಯ ಅಮೃತಮತಿಯ ಹೆಸರಿನ ಚಿತ್ರವಾಯಿತು. ಹರಿಪ್ರಿಯಾ ರಾಣಿಯಾಗಿ, ಕಿಶೋರ್ ರಾಜನಾಗಿ ನಟಿಸಿದ ಈ ಚಿತ್ರ 2020ರಲ್ಲಿ ದೇಶವಿದೇಶದ ಚಿತ್ರೋತ್ಸವಗಳನ್ನು ಕಂಡಿತು. ಬಂಡಾಯ ಸಾಹಿತ್ಯ ಚಳವಳಿ ಕಟ್ಟಿದವರಲ್ಲಿ ಒಬ್ಬರಾದ, 2016ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆಗಿದ್ದ ಲೇಖಕ ಹಳಗನ್ನಡ ಕಾವ್ಯಕ್ಕೆ ಕೈಹಾಕಿದ್ದು ಬರೀ ಗೌರವದಿಂದಲ್ಲ, ಪ್ರಶ್ನೆ ಕೇಳುವ ಹಕ್ಕಿನಿಂದ. ಇದೇ ಕಥೆಯಿಂದ ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕ ಬರೆದಿದ್ದರು. ಜನ್ನ ಅದರಿಂದ ಸಣ್ಣವನಾಗಲಿಲ್ಲ.

ಇಟಲಿಯಲ್ಲೂ ಹೀಗೇ ನಡೆದಿದೆ. ಲುಯಿಜಿ ಬಾರ್ತೊಲಿನಿಯ ಕಾದಂಬರಿಯಲ್ಲಿ ಕಳುವಾದ ಸೈಕಲ್ ಹುಡುಕುವವನು ಒಬ್ಬ ಕಲಾವಿದ. ವಿತ್ತೋರಿಯೊ ಡಿ ಸಿಕಾ 1948ರಲ್ಲಿ ಅದನ್ನು ‘ಬೈಸಿಕಲ್ ಥೀವ್ಸ್’ ಮಾಡಿದಾಗ ಅವನ ಜಾಗಕ್ಕೆ ಬಂದವನು ಗೋಡೆಗೆ ಪೋಸ್ಟರ್ ಅಂಟಿಸುವ ಕೂಲಿ. ಗಿರವಿಯಲ್ಲಿದ್ದ ಅವನ ಸೈಕಲ್ ಬಿಡಿಸಲು ಹೆಂಡತಿ ಮನೆಯ ಹಾಸಿಗೆ ಬಟ್ಟೆಗಳನ್ನೇ ಒತ್ತೆ ಇಡುತ್ತಾಳೆ. ಜಗತ್ತು ನೆನಪಿಟ್ಟುಕೊಂಡಿದ್ದು ಈ ಕೂಲಿಯನ್ನು.

ಅಮೃತಮತಿಯ ಕಥೆ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳಿಗೆ ದೂರದ್ದಲ್ಲ. ಮಧುಗಿರಿಯಲ್ಲಿ ಮಲ್ಲಿನಾಥ ಬಸದಿಯಿದೆ. ಜಾತ್ರೆಯಲ್ಲಿ ಬಲಿ ಬೇಕೇ ಬೇಡವೇ ಎಂಬ ಚರ್ಚೆ ಹಳ್ಳಿಗಳಲ್ಲಿ ಇನ್ನೂ ಮುಗಿದಿಲ್ಲ. ಗಂಡನ ಮನೆಯಲ್ಲಿ ಹೆಣ್ಣಿನ ಮನಸ್ಸಿಗೆ ಬೆಲೆ ಎಷ್ಟು ಎಂಬ ಪ್ರಶ್ನೆಯಂತೂ ಅರಮನೆಯ ಆಚೆಗೂ ಇದೆ. ಆದರೆ ಇಂಥ ಚಿತ್ರಕ್ಕೆ ತಾಲ್ಲೂಕು ಕೇಂದ್ರದ ಟಾಕೀಸಿನಲ್ಲಿ ಜಾಗ ಸಿಗುವುದು ಅಪರೂಪ.

ಹಾಗಾಗಿ ಈ ನಾಲ್ಕೂ ತಾಲ್ಲೂಕುಗಳ ಪದವಿ ಕಾಲೇಜುಗಳು, ಕನ್ನಡ ಸಾಹಿತ್ಯ ಪರಿಷತ್ತಿನ ಘಟಕಗಳು ಮುಂದೆ ಬರಬೇಕು. ಒಂದು ಪರದೆ, ಒಂದು ಪ್ರೊಜೆಕ್ಟರ್, ನಿರ್ಮಾಪಕರ ಅನುಮತಿ ಇದ್ದರೆ ಸಾಕು. ಬೆಳಿಗ್ಗೆ ಜನ್ನನ ಪದ್ಯಗಳನ್ನು ಓದಿಸಿ, ಮಧ್ಯಾಹ್ನ ಚಿತ್ರ ತೋರಿಸಿ, ಸಂಜೆ ಮಕ್ಕಳನ್ನು ಜಗಳಕ್ಕೆ ಬಿಡಿ.