ಸಂಜೆಯ ಬೀದಿಗೆ ಸಂಜೆಯ ಹೂ

1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿ ಮೂಲದ ಜಿ.ಎಚ್. ಕೃಂಬಿಗಲ್, ಬೆಂಗಳೂರಿನ ರಸ್ತೆಬದಿಗೆ ಮರಗಳನ್ನು ಆರಿಸುವಾಗ ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕೆಂದು ಲೆಕ್ಕ ಹಾಕಿದ್ದರು. ಜಕರಂದದ ನೇರಳೆ ಮುಗಿಯುತ್ತಲೇ ಗುಲ್‌ಮೊಹರ್ ಕೆಂಪಾಗುವುದನ್ನು ಊರು ಇಂದಿಗೂ ನೋಡುತ್ತಿದೆ. ಅದೇ ಊರಿನ ನಡುಮಧ್ಯದ ಹೂಕುಂಡಗಳಿಗೆ ಮಾತ್ರ ಇಂಥ ಲೆಕ್ಕ ಸಿಗುತ್ತಿಲ್ಲ. ಸಮಾರಂಭಕ್ಕೆಂದು ಅರಳಿದ ಗಿಡಗಳನ್ನೇ ತಂದು ಜೋಡಿಸುತ್ತಾರೆ. ಅವು ಬಾಡಿದ ಮೇಲೆ ಉಳಿಯುವುದು ಬರಿ ಮಣ್ಣು.

ಚರ್ಚ್ ಸ್ಟ್ರೀಟನ್ನೇ ನೋಡಿ. 2018ರಲ್ಲಿ ಕಲ್ಲುಹಾಸಿನೊಂದಿಗೆ ಹೊಸ ರೂಪ ಪಡೆದ ಈ ಬೀದಿಯನ್ನು 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ನಡೆಯುವವರಿಗೇ ಬಿಟ್ಟುಕೊಡಲಾಗಿತ್ತು. ಇಲ್ಲಿ ಜನ ಸೇರುವುದು ಸಂಜೆ. ಬಿಸಿಲು ತಾಳುತ್ತದೆಂದು ಟೇಬಲ್ ರೋಸ್ ನೆಟ್ಟರೆ ಜನ ಬರುವಷ್ಟರಲ್ಲಿ ಅದು ಮುಚ್ಚಿಕೊಂಡಿರುತ್ತದೆ. ಸಂಜೆ ಮಲ್ಲಿಗೆಯಾದರೆ ಹೊತ್ತು ಇಳಿಯುವಾಗ ಅರಳಿ ಘಮಘಮಿಸುತ್ತದೆ. ಹಳ್ಳಿಯ ಹಿತ್ತಲ ಗಿಡವೆಂದು ಅದನ್ನು ಕಡೆಗಣಿಸಿದವರು ಮತ್ತೊಮ್ಮೆ ಯೋಚಿಸಬೇಕು.

ಸೇವಂತಿಗೆಯ ವಿಷಯ ಇನ್ನೂ ಸೂಕ್ಷ್ಮ. ರಾತ್ರಿ ಉದ್ದವಾದಾಗಲೇ ಅದು ಮೊಗ್ಗು ಕಟ್ಟುವುದು. ಹೂ ತಡವಾಗಿ ಬರಲೆಂದು ಬೆಂಗಳೂರಿನ ಸುತ್ತಲಿನ ರೈತರು ಹೊಲದಲ್ಲಿ ರಾತ್ರಿ ಬಲ್ಬು ಉರಿಸುವುದೂ ಇದೇ ಕಾರಣಕ್ಕೆ. ಹಾಗಿರುವಾಗ ಎಳೆಯ ಸೇವಂತಿಗೆಯನ್ನು ಬೀದಿದೀಪದ ಬುಡದಲ್ಲಿ ನೆಟ್ಟು ಹೂವಿಗೆ ಕಾಯುವುದು ಗಿಡಕ್ಕೂ ಅನ್ಯಾಯ, ನೆಟ್ಟ ಮಾಲಿಯ ಶ್ರಮಕ್ಕೂ ಅನ್ಯಾಯ. ಅದನ್ನು ರಾತ್ರಿ ಕತ್ತಲಿರುವ ನರ್ಸರಿಯಲ್ಲಿ ಮೊಗ್ಗಾಗಿಸಿಯೇ ತರಬೇಕು.

ಉಳಿದ ಹೂಗಳ ಸರದಿ ನಮ್ಮ ಋತು, ಹಬ್ಬಗಳಲ್ಲೇ ಇದೆ. ಮಳೆಗಾಲಕ್ಕೆ ಕರ್ಣಕುಂಡಲ, ಕೋಳಿಜುಟ್ಟು. ದಸರೆಗೆ ಚೆಂಡುಹೂ ಬೇಕಿದ್ದರೆ ಎರಡು ತಿಂಗಳ ಮೊದಲೇ ಬೀಜ ಬಿತ್ತಿರಬೇಕು. ಬೇಸಿಗೆಯನ್ನು ನಿತ್ಯಪುಷ್ಪ ದಾಟಿಸುತ್ತದೆ. ಇವುಗಳ ನಡುವೆ ಕನಕಾಂಬರ, ಸ್ಫಟಿಕದಂಥ ಬಹುವರ್ಷದ ಗಿಡಗಳು ಕಾಯಂ ಆಗಿದ್ದರೆ, ಋತುವಿನ ಗಿಡ ಬದಲಿಸುವ ವಾರದಲ್ಲೂ ಕುಂಡ ಬೋಳಾಗಿ ಕಾಣುವುದಿಲ್ಲ.

ನೀರಿನ ಪ್ರಶ್ನೆ ಎತ್ತುವವರ ಆತಂಕ ನ್ಯಾಯವಾದದ್ದೇ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತ್ತು. ಆದ್ದರಿಂದ ಕುಂಡಗಳಿಗೆ ಸಂಸ್ಕರಿಸಿದ ನೀರನ್ನೇ ಗೊತ್ತುಮಾಡಬೇಕು. ಕುಂಡಗಳೂ ಆಳವಾಗಿರಲಿ, ತಳದಲ್ಲಿ ನೀರು ಹಿಡಿದಿಡುವ ಅರೆ ಇರಲಿ, ಹೆಚ್ಚಾದದ್ದು ಹರಿದುಹೋಗಲು ತೂತಿರಲಿ. ಅಂಗೈ ಆಳದ ತೊಟ್ಟಿಯ ಮಣ್ಣು ಏಪ್ರಿಲ್ ಬಿಸಿಲಿಗೆ ಒಂದೇ ದಿನದಲ್ಲಿ ಒಣಗುತ್ತದೆ. ಕುಂಡಗಳ ನಿರ್ವಹಣೆಯ ಟೆಂಡರ್ ಕೂಡ ತಂದಿಟ್ಟ ಗಿಡಗಳ ಸಂಖ್ಯೆಗೆ ಹಣ ಕೊಡುವಂತಿರಬಾರದು. ಹನ್ನೆರಡು ತಿಂಗಳ ಆರೈಕೆಗೆ, ನಾಲ್ಕು ಬಾರಿಯ ನಾಟಿಗೆ ಕಂತಿನಲ್ಲಿ ಹಣ ಸಲ್ಲಲಿ. ಅದರಲ್ಲಿ ಮಾಲಿಗಳ ವರ್ಷಪೂರ್ತಿ ಸಂಬಳವೂ ಸೇರಿರಲಿ.