ಊರು ಒಂದೇ, ಜಿಲ್ಲೆ ಮೂರು
ನಮ್ಮೂರು ಹರಪನಹಳ್ಳಿ. ಬೆಂಗಳೂರಲ್ಲಿ ಏನು ಕೆಲಸ ಅಂತ ಅವ್ವ ಕೇಳಿದ್ರೆ, ‘ಬ್ಯಾಂಕುಗಳು ಆರ್‌ಬಿಐಗೆ ಒಪ್ಪಿಸೋ ಲೆಕ್ಕಕ್ಕೆ ಸಾಫ್ಟ್‌ವೇರ್ ಬರೀತೀನಿ’ ಅಂತೀನಿ. ‘ಅಂದ್ರ ಗುಮಾಸ್ತನ ಕೆಲ್ಸ’ ಅಂತಾಳೆ.

ಮೊನ್ನೆ ಜಿಲ್ಲಾವಾರು ಸಾಲದ ವರದಿ ಪರೀಕ್ಷಿಸ್ತಿದ್ದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಎಲ್ಲ ವಿಜಯನಗರದಡಿ ಸರಿಯಾಗಿ ಬಂದವು. ಹರಪನಹಳ್ಳಿ ಮಾತ್ರ ದಾವಣಗೆರೆಯಲ್ಲಿ ಕೂತಿತ್ತು! 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋದ ತಾಲ್ಲೂಕು, 371ಜೆ ಸೌಲಭ್ಯದ ಹೋರಾಟದ ನಂತರ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಸೇರಿತು. ನಮ್ಮ ಕೋಡ್ ಪಟ್ಟಿ ಇನ್ನೂ ಹಳೇದು.

‘ಒಟ್ಟು ಮೊತ್ತ ತಾಳೆ ಆಗುತ್ತಲ್ಲ, ಬಿಡಿ’ ಅಂದ್ರು ಟೀಮಿನವರು. ಬಿಡೋಕೆ ಮನಸ್ಸಾಗಲಿಲ್ಲ. ತಲಾ ಆದ್ಯತಾ ವಲಯದ ಸಾಲ 9,000 ರೂಪಾಯಿಗಿಂತ ಕಡಿಮೆ ಇರೋ ಜಿಲ್ಲೆಗಳಲ್ಲಿ ಹೆಚ್ಚುವರಿ ಸಾಲ ಕೊಟ್ರೆ, 2024-25ರಿಂದ ಆರ್‌ಬಿಐ ಅದನ್ನ ಶೇ 125ರಂತೆ ಲೆಕ್ಕ ಹಿಡಿಯುತ್ತೆ. ಜಿಲ್ಲೆಯ ಹೆಸರೇ ತಪ್ಪಿದ್ರೆ ಆ ಲೆಕ್ಕಕ್ಕೆ ಏನರ್ಥ?

ಹಳೇ ಸಾಲು ಅಳಿಸಲಿಲ್ಲ. ಯಾವ ದಿನಾಂಕದಿಂದ ಯಾವ ಜಿಲ್ಲೆ ಅಂತ ಸೇರಿಸಿದೆ. ಹಳೇ ವರದಿಯೂ ಸರಿ, ಹೊಸದೂ ಸರಿ.

ರಾತ್ರಿ ಫೋನಲ್ಲಿ ಅವ್ವನಿಗೆ ಹೇಳಿದೆ. ನಕ್ಕು ಅಂದ್ಲು: ‘ನಾವು ಮನಿ ಬಿಟ್ಟು ಕದಲಿಲ್ಲ, ಜಿಲ್ಲಾ ಮೂರಾದ್ವು ನೋಡು. ಬರೆಯೋ ಗುಮಾಸ್ತ ಊರಾವ್ನೇ ಇದ್ರ ಚಲೋ.’